ಕುದುರೆ ಪಡೆಯ ಬಿಲ್ಲೆಯ ಮೇಲೆ ನಮ್ಮ ಗಂಡಭೇರುಂಡ



ಸೆಪ್ಟೆಂಬರ್ ತಿಂಗಳ ಮೂರನೆಯ ಮಂಗಳವಾರ ಹೇಗ್ ನಗರದಲ್ಲಿ ಅರಸರ ಮೆರವಣಿಗೆ ಹೊರಡುವುದನ್ನು ನಿಮ್ಮಲ್ಲಿ ಬಹುಪಾಲು ಜನ ಒಮ್ಮೆಯಾದರೂ ನೋಡಿಯೇ ಇರುತ್ತೀರಿ. ಜೂಟರ್‌ಮೀರಿನಿಂದ ಟ್ರಾಮ್ ಹತ್ತಿದರೆ ಮುಗಿಯಿತು. ಸಾರೋಟು, ವಾದ್ಯದವರು, ಸಾಲು ಸಾಲಾಗಿ ಕುದುರೆ ಸವಾರರು. ಮೈಸೂರಿನ ಜಂಬೂಸವಾರಿ ನೋಡಿ ಬೆಳೆದವರ ಕಣ್ಣಿಗೆ ಆನೆಯಿಲ್ಲದ್ದೊಂದೇ ಕೊರತೆ! ಅದಾದ ಕೆಲವೇ ದಿನಕ್ಕೆ, ಸೆಪ್ಟೆಂಬರ್ 23ರಂದು, ಭಾರತದ ಸೈನ್ಯದವರು ಹೈಫಾ ದಿನವನ್ನು ಆಚರಿಸುತ್ತಾರೆ. ಆ ದಿನದ ಕೀರ್ತಿಗೆ ವಾರಸುದಾರರೆನಿಸಿಕೊಂಡ ದಳಗಳಲ್ಲಿ 61ನೇ ಕ್ಯಾವಲ್ರಿ ಎಂಬ ಕುದುರೆ ಪಡೆ ಮುಖ್ಯವಾದುದು. ಅದರ ಮನೆ ಇರುವುದು ರಾಜಸ್ಥಾನದ ಜೈಪುರದಲ್ಲಿ. ಆದರೆ ಅದರ ಸವಾರರು ಟೊಪ್ಪಿಗೆಯ ಮೇಲೆ ಧರಿಸುವ ಬಿಲ್ಲೆಯಲ್ಲಿ ಕುದುರೆಯೂ ಇಲ್ಲ, ರಾಜಸ್ಥಾನವೂ ಇಲ್ಲ. ಅಲ್ಲಿರುವುದು ಮೈಸೂರಿನ ಗಂಡಭೇರುಂಡ. ಎರಡು ತಲೆ, ಬಿಚ್ಚಿದ ರೆಕ್ಕೆ, ಎದೆಯ ಮೇಲೆ 61 ಎಂಬ ಅಂಕೆ.

ಈ ಸುದ್ದಿ ನಮ್ಮ ಕೂಟಗಳಲ್ಲಿ ಬಂದಾಗಲೆಲ್ಲ ಸಾಮಾನ್ಯವಾಗಿ ಒಂದೇ ಮಾತು ಕೇಳಿಬರುತ್ತದೆ: ‘ನೋಡಿ, ಜೈಪುರದಲ್ಲೂ ನಮ್ಮ ಮೈಸೂರಿನ ಹಕ್ಕಿ!’ ಅಲ್ಲಿಗೆ ಮಾತು ಮುಗಿದು ಎಲ್ಲರೂ ಚಿತ್ರಾನ್ನದ ಕಡೆ ತಿರುಗುತ್ತೇವೆ. ನಮಗನ್ನಿಸುವುದೇನೆಂದರೆ, ಲಾಂಛನವನ್ನು ಒಂದು ಕವಿತೆಯಂತೆಯೋ ನಾಟಕದಂತೆಯೋ ನಿಧಾನವಾಗಿ ಓದಬೇಕು. ಅದರಲ್ಲಿ ಏನಿದೆ, ಮೊದಲಿದ್ದುದರಲ್ಲಿ ಏನನ್ನು ಬಿಟ್ಟಿದ್ದಾರೆ, ಬಿಟ್ಟಿದ್ದು ಸರಿಯೇ, ಇವುಗಳನ್ನು ಕೇಳಿಕೊಳ್ಳಬೇಕು. ಈ ಸಂಚಿಕೆಯಲ್ಲಿ ಆ ಕೆಲಸವನ್ನು ಮಾಡಿ ನೋಡೋಣ.

ಮೊದಲು ಈ ಹಕ್ಕಿ ಜೈಪುರಕ್ಕೆ ಹೋದ ದಾರಿ. ಮೊದಲ ಮಹಾಯುದ್ಧ ಶುರುವಾದಾಗ, 1914ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನದಿಂದ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಸವಾರರ ಪಡೆ ಈಜಿಪ್ಟಿಗೆ ಹೋಯಿತು. ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರೊಡನೆ ಸೇರಿ ಅದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. 1918ರ ಸೆಪ್ಟೆಂಬರ್ 23ರಂದು ಇದೇ ಬ್ರಿಗೇಡ್ ಹೈಫಾ ಪಟ್ಟಣವನ್ನು ಗೆದ್ದದ್ದು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ದಾರಿಯುದ್ದಕ್ಕೂ ಮೆಷಿನ್ ಗನ್ನುಗಳು, ಎದುರಿಗೆ ಭರ್ಜಿ ಹಿಡಿದ ಕುದುರೆ ಸವಾರರು. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಊರಿನೊಳಕ್ಕೆ ನುಗ್ಗಿದರು, ಮೈಸೂರಿನ ಉಳಿದವರು ಅವರ ಬೆನ್ನಿಗೆ ಬಂದರು. ಸೆರೆ ಸಿಕ್ಕವರು 1,350 ಮಂದಿ. ಬ್ರಿಗೇಡಿನ ಕಡೆ 8 ಜನ ಸತ್ತರು, 34 ಜನ ಗಾಯಗೊಂಡರು. ಸತ್ತ ಕುದುರೆಗಳು 60. ಜನರಿಗಿಂತ ಕುದುರೆಗಳೇ ಎಷ್ಟು ಹೆಚ್ಚು ಸತ್ತವೆಂಬುದನ್ನು ಓದುಗರು ಒಂದು ಕ್ಷಣ ಗಮನಿಸಬೇಕು. ಆ ದಿನದ ಲೆಕ್ಕದಲ್ಲಿ ದೊಡ್ಡ ಬೆಲೆ ತೆತ್ತದ್ದು ಮೂಕಪ್ರಾಣಿ. ದೆಹಲಿಯ ತೀನ್ ಮೂರ್ತಿ ಭವನದ ಮುಂದಿನ ವೃತ್ತದಲ್ಲಿ ನಿಂತಿರುವ ಮೂರು ಸೈನಿಕರ ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರ ನೆನಪಿಗೆ 1922ರಲ್ಲಿ ಸ್ಥಾಪಿತವಾದುವು. ಲೆನರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಕೆಲಸ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿಕೊಂಡಿತು. ದೆಹಲಿಗೆ ಹೋದ ನಮ್ಮವರು ಮೂವರಲ್ಲಿ ಒಬ್ಬ ಮೈಸೂರಿನವನೆಂದು ತಿಳಿಯದೆಯೇ ಅದನ್ನು ಸುತ್ತುಹಾಕಿ ಬರುವುದುಂಟು.

ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದ ಮೇಲೆ ಅವುಗಳ ಸೈನ್ಯಗಳೂ ಸೇರಿದುವು. 1953ರಲ್ಲಿ ಗ್ವಾಲಿಯರ್, ಮೈಸೂರು, ಜೋಧಪುರ, ಜೈಪುರ, ಪಟಿಯಾಲಾ ಮೊದಲಾದ ಸಂಸ್ಥಾನಗಳಲ್ಲಿ ಉಳಿದಿದ್ದ ಕುದುರೆ ತುಕಡಿಗಳನ್ನು ಒಟ್ಟುಗೂಡಿಸಿ ಒಂದು ದಳ ಮಾಡಿದರು. 1954ರಿಂದ ಅದಕ್ಕೆ 61ನೇ ಕ್ಯಾವಲ್ರಿ ಎಂಬ ಹೆಸರಾಯಿತು. ಇಷ್ಟು ಅರಮನೆಗಳು, ಒಂದೊಂದಕ್ಕೂ ಒಂದೊಂದು ಚಿಹ್ನೆ. ಎಲ್ಲವನ್ನೂ ಒಂದು ಗುರಾಣಿಯಲ್ಲಿ ತುರುಕಿ ಖಾನೆ ಖಾನೆ ಮಾಡಿದ್ದರೆ ಅದು ಬಿಲ್ಲೆಯಾಗುತ್ತಿರಲಿಲ್ಲ, ಮದುವೆ ಮನೆಯ ಉಡುಗೊರೆ ಮೇಜಾಗುತ್ತಿತ್ತು. ಹಾಗೆ ಮಾಡದೆ ಒಂದನ್ನೇ ಉಳಿಸಿಕೊಂಡರು. ಉಳಿದದ್ದು ಮೈಸೂರಿನದು.

ಈಗ ಹಕ್ಕಿಯ ಮಾತು. ಗಂಡ ಎಂದರೆ ಹಳಗನ್ನಡದಲ್ಲಿ ವೀರ, ಶೂರ, ಭೇರುಂಡವೆಂದರೆ ಭಯಂಕರವಾದುದು. ಅರಮನೆಯ ಚಿಹ್ನೆಯಾಗುವುದಕ್ಕೆ ಎಷ್ಟೋ ಮೊದಲೇ ಇದು ನಮ್ಮ ನಾಡಿನಲ್ಲಿ ಬಿರುದಾಗಿತ್ತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯನೆಂಬ ಮಹಾಮಂಡಲೇಶ್ವರ ಒಂದು ಎತ್ತರದ ಕಂಬ ನಿಲ್ಲಿಸಿದ. ಅವನು ಕಲ್ಯಾಣದ ಚಾಲುಕ್ಯರ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದವನು, ಗಂಡಭೇರುಂಡನೆಂಬ ಬಿರುದು ಹೊತ್ತವನು. ಆ ಕಂಬದ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಬೇಲೂರಿನ ಚೆನ್ನಕೇಶವ ದೇವಾಲಯದ ಕೆತ್ತನೆಯೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದಿವೆ. ಕಡೆಯಲ್ಲಿ ಶರಭವನ್ನು ಗಂಡಭೇರುಂಡ ಹಿಡಿದಿದೆ. ಕೆಳದಿಯ ರಾಮೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಸಿಂಹಗಳನ್ನು ಸಿಕ್ಕಿಸಿಕೊಂಡು ರೆಕ್ಕೆ ಹರಡಿ ನಿಂತಿದೆ. ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಆನೆಗಳನ್ನು ಎತ್ತಿ ಹಿಡಿದಿದೆ. ಅಚ್ಯುತರಾಯ ಆಳಿದ್ದು 1529ರಿಂದ 1542ರವರೆಗೆ. ಉಗುರಿನಷ್ಟಗಲದ ಆ ನಾಣ್ಯದ ಮೇಲೆ ಆನೆಗಳನ್ನು ಬಿಡಿಸಿದ ಅಕ್ಕಸಾಲಿಗನ ಕಣ್ಣು ಎಂಥದಿದ್ದಿರಬೇಕು!

ಈ ಎಲ್ಲ ಉದಾಹರಣೆಗಳನ್ನು ಜೊತೆಗಿಟ್ಟು ನೋಡಿದರೆ ಗಂಡಭೇರುಂಡದ ಅರ್ಥ ಅದರ ತಲೆಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಹಿಡಿದಿರುವುದರಲ್ಲಿದೆ ಎಂದು ತೋರುತ್ತದೆ. ಕಾಡಿನಲ್ಲಿ ಆನೆಗಿಂತ ದೊಡ್ಡದಿಲ್ಲ. ಆ ಆನೆಯೇ ಅದರ ಕೊಕ್ಕಿನಲ್ಲಿ ನೇತಾಡುತ್ತಿದೆ ಎಂದಾಗ ಹಕ್ಕಿ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ. ಬೇಲೂರಿನ ಸರಪಳಿಯಂತೂ ಇನ್ನೂ ಗಂಭೀರವಾದುದು. ಬಲವಂತನ ಮೇಲೊಬ್ಬ ಬಲವಂತ ಇದ್ದೇ ಇರುತ್ತಾನೆ ಎಂಬ ಆ ಸಾಲನ್ನು ನೋಡುತ್ತಾ ಒಬ್ಬ ತಪಸ್ವಿ ಬದಿಯಲ್ಲಿ ನಿಂತಿದ್ದಾನೆ. ಗಂಡಭೇರುಂಡದ ಮುಂದೆ ಇನ್ನೇನಿದೆ ಎಂದು ಅವನು ಕೇಳುತ್ತಿರುವಂತೆ ನಮಗೆ ಕಾಣುತ್ತದೆ. ಅರಸನ ಚಿಹ್ನೆಗೆ ಅಷ್ಟು ಸಂಶಯ ಹಿಡಿಸುವುದಿಲ್ಲ. ಹಾಗಾಗಿ ತಪಸ್ವಿ ದೇವಾಲಯದಲ್ಲೇ ಉಳಿದ, ಹಕ್ಕಿ ಮಾತ್ರ ಅರಮನೆಗೆ ಬಂತು.

ಇಲ್ಲಿ ಹಾಲೆಂಡಿನಲ್ಲಿ ಬೆಳೆದ ಮಕ್ಕಳಿಗೆ ಈ ಬಿಲ್ಲೆ ತೋರಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ ಬೇರೆಯೇ. ‘ಇದು ನೈಮೇಗನ್ ಹದ್ದಲ್ಲವೇ?’ ಪ್ರಶ್ನೆಯಲ್ಲಿ ಹುರುಳಿದೆ. ನೈಮೇಗನ್ ನಗರದ ಲಾಂಛನದಲ್ಲಿ ಎರಡು ತಲೆಯ ಕಪ್ಪು ಹದ್ದಿದೆ, ಅದರ ಎದೆಯ ಮೇಲೆ ಸಿಂಹವಿರುವ ಚಿಕ್ಕ ಗುರಾಣಿ. ಗ್ರೋನಿಂಗನ್ ನಗರದ ಹದ್ದಿಗೂ ಎರಡು ತಲೆ, ಎದೆಯ ಮೇಲೆ ಹಸಿರು ಪಟ್ಟೆಯ ಗುರಾಣಿ. ಆರ್ನ್‌ಹೆಮಿನದು ನೀಲಿಯ ಮೇಲೆ ಬೆಳ್ಳಿಯ ಹದ್ದು. ಇವೆಲ್ಲ ಪವಿತ್ರ ರೋಮನ್ ಸಾಮ್ರಾಜ್ಯದ ಎರಡು ತಲೆಯ ಹದ್ದಿನ ಸಂತಾನ. ಆ ಸಾಮ್ರಾಜ್ಯದ ಹದ್ದಿಗೂ ಪೂರ್ವಜರಿದ್ದಾರೆ. ಇಂದಿನ ತುರ್ಕಿಯಲ್ಲಿ ಹಿಟ್ಟೈಟ್ ಜನರು ಬಂಡೆಯ ಮೇಲೆ ಕೆತ್ತಿದ ಎರಡು ತಲೆಯ ಹಕ್ಕಿಗಳು ಕ್ರಿಸ್ತನಿಗೆ ಸಾವಿರ ವರ್ಷಕ್ಕೂ ಹಿಂದಿನವು. ತಕ್ಷಶಿಲೆಯ ಬಳಿಯ ಸಿರ್ಕಪ್‌ನ ಸ್ತೂಪವೊಂದರ ಮೇಲೂ ಅಂಥದೇ ಹಕ್ಕಿಯಿದೆ. ಹಕ್ಕಿಗೆ ಎರಡು ತಲೆ ಬರೆಯುವ ಆಸೆ ಮನುಷ್ಯನಿಗೆ ಬಹಳ ಹಳೆಯದು.

ಆದರೂ ಈ ಎರಡು ಹಕ್ಕಿಗಳು ಒಂದೇ ಅಲ್ಲ. ಯುರೋಪಿನ ಹದ್ದಿನ ಎರಡು ತಲೆಗಳನ್ನು ಪೂರ್ವ ಪಶ್ಚಿಮಗಳೆರಡನ್ನೂ ಆಳುವ ಅಧಿಕಾರವೆಂದು ವಿವರಿಸುವುದು ರೂಢಿ. ಅದು ನಕ್ಷೆ ನೋಡುವ ಹಕ್ಕಿ. ನಮ್ಮದು ಬೇಟೆಯಾಡುವ ಹಕ್ಕಿ. ಅದರ ಎರಡು ತಲೆ ಎರಡು ಕೊಕ್ಕಿಗಾಗಿ, ಎರಡು ಕೊಕ್ಕು ಎರಡು ಆನೆಗಾಗಿ! ಇನ್ನೊಂದು ವ್ಯತ್ಯಾಸ. ಹದ್ದು ಎಂಬ ಪಕ್ಷಿ ಲೋಕದಲ್ಲಿದೆ, ಅದಕ್ಕೆ ಒಂದು ತಲೆ ಹೆಚ್ಚು ಕೊಟ್ಟಿದ್ದಾರೆ ಅಷ್ಟೇ. ಗಂಡಭೇರುಂಡವೋ ಲೋಕದಲ್ಲಿ ಎಲ್ಲೂ ಇಲ್ಲದ್ದು. ಆದ್ದರಿಂದ ರಾಜ್ಯೋತ್ಸವದ ಬ್ಯಾನರಿಗೆ ಎಲ್ಲಿಂದಲೋ ಎರಡು ತಲೆಯ ಯುರೋಪಿನ ಹದ್ದನ್ನು ತಂದು ಅಂಟಿಸಿದರೆ ಗಂಡಭೇರುಂಡವಾಗುವುದಿಲ್ಲ. ರೆಕ್ಕೆಯ ಗರಿಗಳ ಒಯ್ಯಾರ, ಕೊರಳ ಬಳುಕು, ಬಾಲದ ಆಕಾರ ಎಲ್ಲವೂ ಬೇರೆ. ನಮ್ಮ ಹಳೆಯ ಕೆಂಪು ಸರಕಾರಿ ಬಸ್ಸಿನ ಪಕ್ಕದಲ್ಲಿದ್ದ ಚಿತ್ರವನ್ನು ನೆನಪಿಸಿಕೊಂಡರೂ ಸಾಕು, ಗೊತ್ತಾಗುತ್ತದೆ.

ಇನ್ನು ಬಿಲ್ಲೆಯ ವಿಮರ್ಶೆಗೆ ಬರೋಣ. ರಚನೆಯ ದೃಷ್ಟಿಯಿಂದ ಇದು ಒಳ್ಳೆಯ ಕೆಲಸ ಎಂದೇ ನಮ್ಮ ಅಭಿಪ್ರಾಯ. ಸೈನಿಕನ ಟೊಪ್ಪಿಗೆಯ ಬಿಲ್ಲೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಅದು ಚಿಕ್ಕದು, ಲೋಹದ್ದು, ಒಂದೇ ಬಣ್ಣದ್ದು, ದಿನಾ ಉಜ್ಜಿ ಹೊಳಪು ಮಾಡುವಂಥದು. ಹತ್ತಿಪ್ಪತ್ತು ಮಾರು ದೂರದಿಂದ ನೋಡಿದರೂ ಯಾವ ದಳದವನೆಂದು ತಿಳಿಯಬೇಕು. ಎರಡು ತಲೆ ಎರಡು ರೆಕ್ಕೆಯ ಈ ಆಕಾರ ಎಡ ಬಲ ಸಮವಾಗಿ ತೂಗುವಂಥದು, ಬೇರೆ ಯಾವುದರ ಹಾಗೂ ಕಾಣುವುದಿಲ್ಲ. ಹಕ್ಕಿ ನಿಂತಿರುವುದು ಬರಹದ ಪಟ್ಟಿಯ ಮೇಲೆ. ನೈಮೇಗನ್ ಹದ್ದು ಎದೆಯ ಮೇಲೆ ಊರಿನ ಸಿಂಹವನ್ನು ಹೊತ್ತ ಜಾಗದಲ್ಲಿ ಜೈಪುರದ ಹಕ್ಕಿ ಒಂದು ಅಂಕೆಯನ್ನು ಹೊತ್ತಿದೆ. ಇದು ನಮಗೆ ಬಹಳ ಹಿಡಿಸಿದ ಸಂಗತಿ. ಎದೆಯ ಗುರಾಣಿ ಎಂದರೆ ಯಾರ ಪರವಾಗಿ ನಿಂತಿದ್ದೇನೆ ಎಂದು ಹೇಳುವ ಜಾಗ. ಅಲ್ಲಿ ಅರಸನ ಹೆಸರಿಲ್ಲ, ಊರಿನ ಹೆಸರಿಲ್ಲ, ಜಾತಿ ಕುಲಗಳ ಸುಳಿವಿಲ್ಲ. ಗಣರಾಜ್ಯದ ಸೈನ್ಯದ ಪಟ್ಟಿಯಲ್ಲಿ ಅರವತ್ತೊಂದು ಎಂಬ ಒಣ ಸಂಖ್ಯೆ. ಒಡೆಯರ ಹಕ್ಕಿ ಪ್ರಜೆಗಳ ನೌಕರಿಗೆ ಸೇರಿದ್ದು ಈ ಅಂಕೆಯಿಂದಲೇ.

ಆದರೆ ಆನೆಗಳು ಹೋದುವು. ಹಕ್ಕಿಯ ಉಗುರುಗಳ ಕೆಳಗೆ ಆನೆಯ ಬದಲು ಪಟ್ಟಿ ಬಂತು. ಚಿಕ್ಕ ಬಿಲ್ಲೆಯಲ್ಲಿ ಆನೆ ಕೂರುವುದಿಲ್ಲ ಎಂಬ ವಾದವನ್ನು ಅಚ್ಯುತರಾಯನ ಅಕ್ಕಸಾಲಿಗ ಒಪ್ಪುತ್ತಿರಲಿಲ್ಲ. ಆನೆ ಹೋದಾಗ ಹಕ್ಕಿಯ ಗಾತ್ರವೂ ಹೋಯಿತು. ಈಗ ಅದು ಎಷ್ಟು ದೊಡ್ಡದೆಂದು ಅಳೆಯಲು ಪಕ್ಕದಲ್ಲಿ ಏನೂ ಇಲ್ಲ; ಗೊತ್ತಿಲ್ಲದವನು ಅದನ್ನು ಹದ್ದೆಂದುಕೊಂಡರೆ ಅವನ ತಪ್ಪಲ್ಲ.

ಇದೇ ಸಂದರ್ಭದಲ್ಲಿ ಒಂದು ತಮಾಷೆಯ ಸಂಗತಿ ಹೇಳಲೇಬೇಕು. ಮೈಸೂರಿನ ಕುದುರೆ ಪಡೆ 61ನೇ ಕ್ಯಾವಲ್ರಿಗೆ ಸೇರಿದರೆ, ಮೈಸೂರಿನ ಕಾಲಾಳು ಪಡೆಯಾಗಿದ್ದ 1ನೇ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಮದ್ರಾಸ್ ರೆಜಿಮೆಂಟಿನ ಲಾಂಛನ ಯಾವುದು? ಆನೆ! 1803ರ ಅಸ್ಸಾಯಿ ಕಾಳಗದ ಗೌರವಕ್ಕೆ ಬಂದ ಆನೆ. ಹೀಗೆ ಒಂದೇ ಅರಮನೆಯ ಎರಡು ಪಡೆಗಳಲ್ಲಿ ಸವಾರರು ಹಕ್ಕಿಯನ್ನು ಇಟ್ಟುಕೊಂಡರು, ಕಾಲಾಳುಗಳು ಹಕ್ಕಿಯ ಆಹಾರವನ್ನು ಧರಿಸಿದರು. ಯಾರೂ ಬೇಕೆಂದು ಮಾಡಿದ್ದಲ್ಲ. ಲಾಂಛನಗಳ ಲೋಕದಲ್ಲಿ ಇಂಥ ವಿನೋದಗಳು ತಾವಾಗಿಯೇ ನಡೆಯುತ್ತವೆ.

ಬಿಟ್ಟುಹೋದದ್ದರಲ್ಲಿ ಎರಡನೆಯದು ಶರಭಗಳು. ಮೈಸೂರಿನ ರಾಜಲಾಂಛನದಲ್ಲಿ ಗಂಡಭೇರುಂಡದ ಎರಡೂ ಬದಿಗೆ ಸಿಂಹದ ಮೈ, ಆನೆಯ ತಲೆಯುಳ್ಳ ಎರಡು ಪ್ರಾಣಿಗಳು ನಿಂತಿವೆ. ಇವನ್ನು ಮೈಸೂರಿನವರು ಶರಭವೆನ್ನುತ್ತಾರೆ, ಶಿಲ್ಪ ಬಲ್ಲವರು ಗಜಸಿಂಹ ಎನ್ನಲು ಇಷ್ಟಪಡುತ್ತಾರೆ. ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣದ ಮೇಲಿರುವುದೂ ಇದೇ ಪ್ರಾಣಿ; ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ ನಮಗೆಲ್ಲ ಸಿಕ್ಕಿರುವಂಥದು. ಲಾಂಛನದ ಎರಡು ಬದಿಗೆ ಪ್ರಾಣಿಗಳನ್ನು ಕಾವಲು ನಿಲ್ಲಿಸುವುದು ಯುರೋಪಿನ ಪದ್ಧತಿ. 1877ರ ದೆಹಲಿ ದರಬಾರಿಗಾಗಿ ನಮ್ಮ ದೇಶದ ಅರಸರಿಗೆಲ್ಲ ಬಾವುಟ ಮತ್ತು ಲಾಂಛನಗಳನ್ನು ಆ ಪದ್ಧತಿಯಲ್ಲಿ ಹೊಂದಿಸಿಕೊಟ್ಟವನು ರಾಬರ್ಟ್ ಟೇಲರ್ ಎಂಬ ಬಂಗಾಳದ ಸಿವಿಲ್ ಅಧಿಕಾರಿ. ಅದು ಒಂದು ಸಾಮ್ರಾಜ್ಯದ ಲೆಕ್ಕದ ಪುಸ್ತಕಕ್ಕೆ ಎಲ್ಲರ ಸಹಿ ಒಂದೇ ನಮೂನೆಯಲ್ಲಿ ಬೇಕಾಗಿದ್ದ ಕಾಲ. ಬೇಲೂರಿನಲ್ಲಿ ಭೇರುಂಡನ ಬಾಯಿಗೆ ಸಿಕ್ಕ ಶರಭದ ಹೆಸರಿನ ಪ್ರಾಣಿಯೇ ರಾಜಲಾಂಛನದಲ್ಲಿ ಭೇರುಂಡನ ಕಾವಲಿಗೆ ನಿಂತಿರುವುದು ಹಳೆಯ ಕಥೆಯನ್ನು ಬಲ್ಲವರಿಗೆ ಸ್ವಲ್ಪ ಇರಿಸುಮುರಿಸಿನ ವಿಷಯ. ಬಿಲ್ಲೆಯಲ್ಲಿ ಈ ಕಾವಲುಗಾರರನ್ನು ಬಿಟ್ಟದ್ದು ನಷ್ಟವೇನಲ್ಲ. ಕಾವಲು ಕಾಯುವುದು ಟೊಪ್ಪಿಗೆ ಹಾಕಿದವನ ಕೆಲಸ ತಾನೇ!

ಮೂರನೆಯದೇ ನಮಗೆ ಮುಖ್ಯವಾದುದು. ಮೈಸೂರಿನ ರಾಜಲಾಂಛನದ ಕೆಳಗೆ ಒಂದು ಧ್ಯೇಯವಾಕ್ಯವಿತ್ತು: ‘ಸತ್ಯಮೇವೋದ್ಧರಾಮ್ಯಹಂ’. ಬಿಡಿಸಿ ಓದಿದರೆ ಸತ್ಯಂ ಏವ ಉದ್ಧರಾಮಿ ಅಹಂ. ಸತ್ಯವನ್ನೇ ನಾನು ಎತ್ತಿ ಹಿಡಿಯುತ್ತೇನೆ. ಉದ್ಧರಿಸುವುದು ಎಂದರೆ ಕೆಳಗಿನಿಂದ ಮೇಲಕ್ಕೆ ಎತ್ತುವುದು. ಮುಳುಗಿದ ಭೂಮಿಯನ್ನು ವರಾಹ ಎತ್ತಿದಂತೆ. ಮೇಲೆ ಹಕ್ಕಿ, ಅದರ ಹಳೆಯ ಚಿತ್ರಗಳಲ್ಲಿ ಎತ್ತಿ ಹಿಡಿದ ಆನೆಗಳು. ಕೆಳಗೆ ಎತ್ತುತ್ತೇನೆ ಎಂಬ ಕ್ರಿಯಾಪದ. ಆನೆಯನ್ನು ಎತ್ತಬಲ್ಲವನು ಅದಕ್ಕಿಂತ ಭಾರವಾದ ಸತ್ಯವನ್ನು ಎತ್ತಲು ಹೊರಟಿದ್ದಾನೆ. ಇದು ನಮ್ಮ ಓದು, ಅರಮನೆಯವರ ವ್ಯಾಖ್ಯಾನವೆಂದು ಹೇಳುತ್ತಿಲ್ಲ. ಆದರೆ ಚಿತ್ರವೂ ಮಾತೂ ಇಷ್ಟು ಹತ್ತಿರ ಕೂತ ಲಾಂಛನಗಳು ಬಹಳ ಕಡಿಮೆ. ಆ ವಾಕ್ಯದಲ್ಲಿ ಎಲ್ಲಕ್ಕಿಂತ ಧೈರ್ಯದ ಮಾತು ಕೊನೆಯದು, ಅಹಂ. ನಾನು. ಹಾಗೆ ಹೇಳಿದವನನ್ನು ನಾಳೆ ಪ್ರಜೆಯೊಬ್ಬ ಎದುರಿಗೆ ನಿಂತು ‘ಎಲ್ಲಿ ಸ್ವಾಮಿ, ನೀವು ಎತ್ತಿದ ಸತ್ಯ?’ ಎಂದು ಕೇಳಬಹುದು.

ಇಂದಿನ ಕರ್ನಾಟಕ ಸರಕಾರದ ಲಾಂಛನವನ್ನು ನೋಡಿ. ಗಂಡಭೇರುಂಡವಿದೆ, ಎರಡು ಬದಿಗೆ ಗಜಸಿಂಹಗಳಿವೆ, ನೆತ್ತಿಯ ಮೇಲೆ ಸಾರನಾಥದ ಸಿಂಹಗಳು ಬಂದಿವೆ. ಕೆಳಗೆ ‘ಸತ್ಯಮೇವ ಜಯತೇ’. ಮೊದಲೆರಡು ಪದ ಅವೇ, ಸತ್ಯಂ ಮತ್ತು ಏವ. ಮುಂದೆ ವ್ಯಾಕರಣ ಬದಲಾಯಿತು. ಸತ್ಯವೇ ಗೆಲ್ಲುತ್ತದೆ, ಯಾರು ಗೆಲ್ಲಿಸುತ್ತಾರೆಂದು ಕೇಳುವಂತಿಲ್ಲ. ಅರಸೊತ್ತಿಗೆ ಹೋದಾಗ ಅದರ ಜೊತೆಗೆ ‘ನಾನು’ ಎಂಬುದೂ ಹೋಯಿತು. ಒಬ್ಬನೇ ಒಬ್ಬ ‘ನಾನು’ ಎನ್ನುವ ಕಾಲ ಮುಗಿದದ್ದು ಒಳ್ಳೆಯದೇ. ಆದರೂ ಹೊರುವವನೊಬ್ಬನಿದ್ದ ವಾಕ್ಯದ ಬದಲಿಗೆ ಹೊರುವವರೇ ಇಲ್ಲದ ವಾಕ್ಯ ಬಂದಿತೆಂಬುದನ್ನು ಗಮನಿಸದೆ ಇರಲಾರೆವು.

ಜೈಪುರದ ದಳದ ಧ್ಯೇಯವಾಕ್ಯ ಇವೆರಡೂ ಅಲ್ಲ. ‘ಅಶ್ವ ಶಕ್ತಿ ಯಶೋಬಲ’. ಕುದುರೆಯ ಶಕ್ತಿ, ಕೀರ್ತಿಯ ಬಲ. ಬಿಲ್ಲೆಯಲ್ಲಿ ಕಾಣದ ಕುದುರೆ ಮಾತಿನಲ್ಲಿ ಬಂದಿದೆ. ಹೈಫಾದಲ್ಲಿ ಬಿದ್ದ ಅರವತ್ತು ಕುದುರೆಗಳನ್ನು ನೆನೆದರೆ ಅದು ನ್ಯಾಯವೇ. ಕಿವಿಗೂ ಚೆನ್ನಾಗಿದೆ, ಕವಾಯತಿನಲ್ಲಿ ಕೂಗಲು ಹೇಳಿ ಮಾಡಿಸಿದಂತಿದೆ. ಆದರೆ ಅದರಲ್ಲಿ ಕ್ರಿಯಾಪದವಿಲ್ಲ. ಬರೀ ನಾಮಪದಗಳ ಸಾಲು. ಯಾರೂ ಏನೂ ಮಾಡುತ್ತಿಲ್ಲ, ಯಾರೂ ಯಾವುದಕ್ಕೂ ಮಾತು ಕೊಡುತ್ತಿಲ್ಲ. ಸೈನಿಕನೆಂದರೆ ಮಾತು ಕೊಟ್ಟವನು. ಅವನ ಬಿಲ್ಲೆಯ ಕೆಳಗೆ ಒಂದು ಕ್ರಿಯಾಪದ ಇರಬೇಕಿತ್ತು. ಚಿತ್ರದಲ್ಲಿ ಈ ದಳ ಮೈಸೂರಿನಿಂದ ಸರಿಯಾದುದನ್ನೇ ಆರಿಸಿಕೊಂಡಿತು, ಮಾತಿನಲ್ಲಿ ಮಾತ್ರ ಮೈಸೂರಿಗಿಂತ ಒಂದು ಮೆಟ್ಟಿಲು ಕೆಳಗೇ ನಿಂತಿತು ಎಂಬುದು ನಮ್ಮ ತೀರ್ಪು.

ಹಾಗಾದರೆ ಅರಸನ ವಾಕ್ಯವನ್ನು ಅರಸನಿಲ್ಲದ ದಳ ಹೇಗೆ ಇಟ್ಟುಕೊಳ್ಳಲು ಸಾಧ್ಯ, ಅದು ಒಂದು ಮನೆತನದ್ದಲ್ಲವೇ ಎಂದು ಕೆಲವರು ಕೇಳಬಹುದು. ಉತ್ತರ ನಮ್ಮ ಮನೆಯ ಬೀರುವಿನಲ್ಲೇ ಇದೆ. ಇಲ್ಲಿನ ಪೌರತ್ವ ಪಡೆದ ಸದಸ್ಯರು ತಮ್ಮ ಕೆಂಪು ಪಾಸ್‌ಪೋರ್ಟ್ ತೆಗೆದು ರಕ್ಷಾಪುಟ ನೋಡಬೇಕು. ಲಾಂಛನದ ಗುರಾಣಿಯೊಳಗಿನ ಸಿಂಹದ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಏಳು ಬಾಣ. ಏಳು ಎಂದರೆ ಹಳೆಯ ಗಣರಾಜ್ಯದ ಏಳು ಪ್ರಾಂತಗಳು. ಕೆಳಗೆ ಪಟ್ಟಿಯಲ್ಲಿ ‘ಜ ಮ್ಯಾಂತ್ಯಾಂದ್ರೆ’ ಎಂದಿದೆ. ಡಚ್ ಅಲ್ಲ, ಫ್ರೆಂಚ್. ನಾನು ಎತ್ತಿ ಹಿಡಿಯುವೆನು, ಕಾಪಾಡುವೆನು ಎಂದು ಅರ್ಥ. ಇಲ್ಲಿಯೂ ಮೊದಲ ಪದವೇ ‘ನಾನು’! ಕ್ರಿಯಾಪದವನ್ನು ಬಿಡಿಸಿದರೆ ಕೈಯಲ್ಲಿ ಹಿಡಿ ಎಂದಾಗುತ್ತದೆ. ಮೈಸೂರಿನದು ಎತ್ತುವ ಕೈ, ಹಾಲೆಂಡಿನದು ಹಿಡಿದಿಡುವ ಕೈ. ದೂರದೂರದ ಎರಡು ಅರಮನೆಗಳು ತಮ್ಮಷ್ಟಕ್ಕೆ ತಾವು ಉತ್ತಮ ಪುರುಷದಲ್ಲಿ ಮಾತು ಕೊಟ್ಟಿವೆ.

ಈ ಫ್ರೆಂಚ್ ವಾಕ್ಯದ ಚರಿತ್ರೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಮೊದಲು ಅದು ಫ್ರಾನ್ಸಿನ ದಕ್ಷಿಣದ ಆರೇಂಜ್ ಸಂಸ್ಥಾನವನ್ನು ಆಳುತ್ತಿದ್ದ ಶಾಲೋಂ ಮನೆತನದ ಮಾತಾಗಿತ್ತು. ಆಗ ಪೂರ್ತಿ ವಾಕ್ಯ ‘ನಾನು ಶಾಲೋಂ ಅನ್ನು ಕಾಪಾಡುವೆನು’ ಎಂದಿತ್ತು. 1530ರಲ್ಲಿ ಆ ಮನೆತನದ ಕೊನೆಯ ಗಂಡಸು ತೀರಿಕೊಂಡಾಗ ಅವನ ಸೋದರಿಯ ಮಗ ರೆನೆ ಎಂಬ ನಸ್ಸೌ ವಂಶದವನಿಗೆ ಎಲ್ಲವೂ ಬಂತು. ಅವನಿಂದ 1544ರಲ್ಲಿ ಅದು ದಾಯಾದಿಯಾದ ವಿಲಿಯಮ್‌ನಿಗೆ ಬಂತು. ಡಚ್ಚರು ಈಗಲೂ ರಾಷ್ಟ್ರಪಿತನೆನ್ನುವ ವಿಲಿಯಮ್ ಇವನೇ. ಕೈಯಿಂದ ಕೈಗೆ ಹೋಗುವಾಗ ಶಾಲೋಂ ಎಂಬ ಹೆಸರು ಬಿಟ್ಟುಹೋಗಿ ನಸ್ಸೌ ಬಂತು, ಆಮೇಲೆ ಅದೂ ಬಿಟ್ಟುಹೋಯಿತು. ‘ನಾನು ಕಾಪಾಡುವೆನು’ ಎಂಬಷ್ಟೇ ಉಳಿಯಿತು. ಹೀಗೆ ಒಂದು ಮನೆಯವರ ಹಟದ ಮಾತು, ಮನೆಯ ಹೆಸರನ್ನು ಕಳಚ್ಚಿಕೊಂಡು, ಇಡೀ ದೇಶದ ಮಾತಾಯಿತು. 1907ರಲ್ಲಿ ವಿಲ್ಹೆಲ್ಮಿನಾ ರಾಣಿಯ ಕಾಲದಲ್ಲಿ ಲಾಂಛನ ಈಗಿನ ರೂಪಕ್ಕೆ ನಿಂತಿತು. ಆ ಪುಸ್ತಕವನ್ನು ಈಗ ಧಾರವಾಡದವರೂ ತುಮಕೂರಿನವರೂ ವಿಮಾನ ನಿಲ್ದಾಣದ ಕಿಟಕಿಯಲ್ಲಿ ತೋರಿಸಿ ಒಳಗೆ ಬರುತ್ತಾರೆ.

ಮೈಸೂರಿನ ವಾಕ್ಯವನ್ನು ನೋಡಿದರೆ ಅದರಲ್ಲಿ ಕಳಚಬೇಕಾದ ಹೆಸರೇ ಇರಲಿಲ್ಲ. ಒಡೆಯರ ಸೊಲ್ಲಿಲ್ಲ, ಮೈಸೂರೆಂಬ ಊರಿಲ್ಲ. ಜೈಪುರದ ದಳದಲ್ಲಿ ಹೆಚ್ಚಾಗಿ ಇರುವವರು ರಜಪೂತರು, ಕಾಯಮಖಾನಿಗಳು, ಮರಾಠರು. ಅವರಲ್ಲೊಬ್ಬ ಸವಾರ ‘ಸತ್ಯವನ್ನೇ ನಾನು ಎತ್ತಿ ಹಿಡಿಯುತ್ತೇನೆ’ ಎಂದಿದ್ದರೆ ಅದು ಅವನ ಬಾಯಲ್ಲಿ ಯಾವ ಅರಸನ ಬಾಯಲ್ಲಿದ್ದುದಕ್ಕಿಂತಲೂ ಕಡಿಮೆಯಾಗುತ್ತಿರಲಿಲ್ಲ. ಹಕ್ಕಿ ಹೋದ ಹಾಗೆಯೇ ಮಾತೂ ಹೋಗಬಹುದಿತ್ತು. ನಾವು ಇದನ್ನು ದೂರಾಗಿ ಹೇಳುತ್ತಿಲ್ಲ. ದಳ ತನ್ನ ಪ್ರಾಣಿಯನ್ನು ಗೌರವಿಸಿತು, ಆಗಲಿ. ಆದರೆ ಹಕ್ಕಿಯನ್ನು ನೋಡಿ ‘ನಮ್ಮದು’ ಎಂದು ಎದೆ ತಟ್ಟಿಕೊಳ್ಳುವ ನಮಗೆ ಅದರ ಕೆಳಗಿದ್ದ ಮಾತು ಬಾಯಿಗೆ ಬರುತ್ತದೆಯೇ? ಕಳೆದ ಬಾರಿ ನಾವು ನಾಲ್ಕಾರು ಮನೆಗಳಲ್ಲಿ ಕೇಳಿ ನೋಡಿದೆವು. ಹಕ್ಕಿಯ ಹೆಸರನ್ನು ಎಲ್ಲರೂ ಹೇಳಿದರು. ಸೋಪಿನ ಪ್ರಾಣಿಯನ್ನೂ ಗುರುತಿಸಿದರು. ವಾಕ್ಯವನ್ನು ಪೂರ್ತಿ ಹೇಳಿದವರು ಒಬ್ಬ ಅಜ್ಜಿ, ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ಪದವಿ ಪತ್ರದ ಮೇಲೆ ಓದಿ ನೆನಪಿಟ್ಟುಕೊಂಡವರು. ಆ ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಆ ವಾಕ್ಯ ಇಂದಿಗೂ ಇದೆ.

ಬೇಸಿಗೆ ರಜೆಗೆ ಊರಿಗೆ ಹೊರಡುವವರು ಮಕ್ಕಳನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿ. ಶಿಕಾರಿಪುರದಿಂದ ದೂರವಿಲ್ಲ. ಕೆಳದಿಯೂ ಅದೇ ಜಿಲ್ಲೆಯಲ್ಲಿದೆ, ಛಾವಣಿ ನೋಡಲು ಕತ್ತೆತ್ತಬೇಕಾಗುತ್ತದೆ, ಟಾರ್ಚ್ ಇದ್ದರೆ ಒಳ್ಳೆಯದು. ಬೆಂಗಳೂರಿನಲ್ಲೇ ಉಳಿಯುವವರಿಗೆ ಜೆ.ಸಿ. ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಇಲ್ಲೇ ಇರುವವರು ಒಂದು ಶನಿವಾರ ರೈಲು ಹತ್ತಿ ನೈಮೇಗನ್‌ಗೆ ಹೋಗಿ ಎರಡು ತಲೆಯ ಹದ್ದನ್ನು ನೋಡಿಕೊಂಡು ಬರಬಹುದು. ಅದರ ಕಾಲಿನ ಕೆಳಗೆ ಏನಿದೆ, ಎದೆಯ ಮೇಲೆ ಏನಿದೆ ಎಂದು ಮಕ್ಕಳು ಚಿತ್ರ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ, ಜೆರಾಕ್ಸ್ ಯಂತ್ರ ಕೈಕೊಡದಿದ್ದರೆ, ಅಚ್ಚು ಹಾಕುತ್ತೇವೆ.